ನೆನಪಿನ ದುಡ್ಡು

ಹಣಕ್ಕೆ ನೆನಪು ಬಂದ ವರ್ಷ ನನಗೆ ಮೂವತ್ತೊಂದು. ಬಂತು ಎಂದರೆ ತಾನಾಗಿ ಬಂದದ್ದಲ್ಲ, ಬರಿಸಿದವರಲ್ಲಿ ನಾನೂ ಒಬ್ಬ. ಆಗೆಲ್ಲ ಅದನ್ನು ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದೆ. ಮದುವೆ ಮನೆಗಳಲ್ಲಿ ಯಾರಾದರೂ ಏನು ಕೆಲಸ ಮಾಡುತ್ತೀರಿ ಎಂದು ಕೇಳಲಿ ಅಂತಲೇ ಕಾಯುತ್ತಿದ್ದೆ. ಈಗ ಯಾರಾದರೂ ಕೇಳಿದರೆ ಸರ್ಕಾರಿ ನೌಕರಿ ಎಂದಷ್ಟೇ ಹೇಳಿ ಮಾತು ತಿರುಗಿಸುತ್ತೇನೆ.

ನಮ್ಮ ಕೇಂದ್ರ ಇರುವುದು ತುಮಕೂರಿನ ಹೊರಗೆ, ಹೆದ್ದಾರಿಯ ಪಕ್ಕ. ಕಿಟಕಿಗಳೇ ಇಲ್ಲದ ಮೂರು ಅಂತಸ್ತು. ಯಂತ್ರಗಳು ಕಾಯಬಾರದೆಂದು ಒಳಗೆ ಸದಾ ಚಳಿ. ಏಪ್ರಿಲ್ ತಿಂಗಳಲ್ಲೂ ಸ್ವೆಟರ್ ಹಾಕಿಕೊಂಡು ಕೂರುತ್ತೇವೆ. ನೋಟು ನಾಣ್ಯಗಳೆಲ್ಲ ನಿಂತು, ರೂಪಾಯಿ ಎನ್ನುವುದು ಬರೀ ಅಂಕಿಯಾಗಿ ಉಳಿದಾಗ ನಾವು ಅದಕ್ಕೊಂದು ಎಳೆ ಪೋಣಿಸಿದೆವು. ಪ್ರತಿ ರೂಪಾಯಿಗೂ ತನ್ನದೇ ಒಂದು ಎಳೆ. ಅದು ಒಬ್ಬರಿಂದ ಒಬ್ಬರಿಗೆ ಹೋದಾಗಲೆಲ್ಲ ಆ ಎಳೆಯ ಮೇಲೆ ಒಂದು ಮುದ್ರೆ ಬೀಳುತ್ತದೆ. ಕೊಟ್ಟವರು ಯಾರು, ಪಡೆದವರು ಯಾರು, ಎಲ್ಲಿ, ಎಷ್ಟು ಹೊತ್ತಿಗೆ, ಯಾತಕ್ಕೆ. ಒಮ್ಮೆ ಬಿದ್ದ ಮುದ್ರೆಯನ್ನು ಅಳಿಸಲು ಯಾರಿಂದಲೂ ಆಗದು. ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ ಔಷಧ ತೆಗೆದುಕೊಂಡರೂ ಸೊನ್ನೆ ರೂಪಾಯಿಯ ಮುದ್ರೆ ಬೀಳುತ್ತದೆ. ಕಾಗದಪತ್ರದಲ್ಲಿ ಇದರ ಹೆಸರು ಸ್ಮೃತಿ ರೂಪಾಯಿ. ಜನ ನೆನಪಿನ ದುಡ್ಡು ಎಂದು ಕರೆದರು. ಮೊದಲ ವರ್ಷದಲ್ಲೇ ತಾಲ್ಲೂಕು ಕಚೇರಿಗಳಲ್ಲಿ ಮೇಜಿನ ಕೆಳಗೆ ಕೈ ಚಾಚುವುದು ನಿಂತುಹೋಯಿತು. ಅಷ್ಟರಮಟ್ಟಿಗೆ ಅದು ಒಳ್ಳೆಯ ಕೆಲಸವೇ, ಇವತ್ತಿಗೂ ನಾನು ಹಾಗೇ ಹೇಳುತ್ತೇನೆ.

ಆದರೆ ಎಳೆ, ಮುದ್ರೆ ಎಲ್ಲ ದೊಡ್ಡವರ ಯೋಚನೆ. ನನ್ನದು ಅಂತ ಅದರಲ್ಲಿ ಇದ್ದದ್ದು ಮನೆಪರದೆ. ಪ್ರತಿ ಮನೆಯ ನಡುಮನೆಯ ಗೋಡೆಗೆ ಒಂದು ಪರದೆ. ಆ ಮನೆಯ ಯಾರೇ ಆಗಲಿ ಖರ್ಚು ಮಾಡಿದರೆ, ಯಾರಿಗೇ ಆಗಲಿ ಹಣ ಬಂದರೆ, ಅವರಿಗಾಗಿ ಬೇರೆ ಯಾರೋ ಖರ್ಚು ಮಾಡಿದರೂ ಸರಿ, ಅದೇ ನಿಮಿಷದಲ್ಲಿ ಗೋಡೆಯ ಮೇಲೆ ಅಕ್ಷರ ಮೂಡಬೇಕು. ಗಂಡ ಹೆಂಡತಿಗೆ ಮುಚ್ಚಿಡಬಾರದು, ಹೆಂಡತಿ ಗಂಡನಿಗೆ ಮುಚ್ಚಿಡಬಾರದು. ಎಲ್ಲರಿಗೂ ಒಂದೇ ಕಾನೂನು.

ಈ ಹುಚ್ಚು ನನಗೆ ಹತ್ತಿದ್ದು ನಮ್ಮಪ್ಪನಿಂದ. ಅಪ್ಪ ಗಾರೆ ಕೆಲಸದವನು. ಶನಿವಾರ ಬಟವಾಡೆ. ಅಮ್ಮ ಗಾರ್ಮೆಂಟ್ಸ್‌ನಿಂದ ಬಂದು ಮುಖವನ್ನೂ ತೊಳೆಯದೆ, ರೇಷನ್ ಚೀಲ ಮಡಿಲಲ್ಲಿಟ್ಟುಕೊಂಡು ಹೊಸ್ತಿಲ ಮೇಲೆ ಕೂತಿರುತ್ತಿದ್ದಳು. ಅಪ್ಪ ಬರುವ ಹೊತ್ತಿಗೆ ವಾರದ ಕೂಲಿಯಲ್ಲಿ ಮುಕ್ಕಾಲು ಪಾಲು ವೈನ್ ಶಾಪಿನ ಗಲ್ಲಾ ಸೇರಿರುತ್ತಿತ್ತು. ಮೇಸ್ತ್ರಿ ಕೊಡಲೇ ಇಲ್ಲ ಎಂದು ಸುಳ್ಳು ಹೇಳುತ್ತಿದ್ದ. ಅಮ್ಮನಿಗೆ ಅದು ಸುಳ್ಳೆಂದು ಗೊತ್ತು, ಆದರೆ ತೋರಿಸಲು ಪುರಾವೆ ಇಲ್ಲ. ದುಡ್ಡಿಗೆ ಬಾಯಿ ಇದ್ದಿದ್ದರೆ ಎಂದು ನಾನು ಆಗ ಎಷ್ಟು ಸಲ ಅಂದುಕೊಂಡಿದ್ದೇನೋ. ಮನೆಪರದೆ ಮಾಡಿದ್ದು ಅಮ್ಮನಂಥವರಿಗಾಗಿ. ಈ ಮಾತು ಸುಳ್ಳಲ್ಲ.

ನನ್ನ ಮೇಲಧಿಕಾರಿ ನಫೀಸಾ ಮೇಡಂ ಗಣಿತದವರು, ಕಡಿಮೆ ಮಾತಿನವರು. ಪರದೆಯ ನಕ್ಷೆಯನ್ನು ಅವರ ಮುಂದಿಟ್ಟ ದಿನ ಬಹಳ ಹೊತ್ತು ನೋಡಿದರು.

"ಲೆಕ್ಕ ಸರಿಯಾಗಿದೆ ಸುಮಂತ್. ಆದರೆ ನಮ್ಮ ಮನೇಲಿ ನಮ್ಮಮ್ಮ ಹಿಟ್ಟಿನ ಡಬ್ಬೀಲಿ ದುಡ್ಡು ಇಡ್ತಿದ್ರು. ಅದು ನಮ್ಮ ತಂದೆಗೆ ಗೊತ್ತಾಗಿದ್ರೆ ನಾನು ಇವತ್ತು ಈ ಕುರ್ಚೀಲಿ ಕೂತಿರ್ತಿರಲಿಲ್ಲ."

"ಅದಕ್ಕೇ ಮೇಡಂ, ಇನ್ಮೇಲೆ ಯಾವ ತಾಯೀನೂ ಡಬ್ಬೀಲಿ ಇಡೋ ಹಾಗಿಲ್ಲ" ಎಂದೆ ನಾನು.

ಅವರು ನನ್ನ ಮುಖ ನೋಡಿದರು. ನನಗೆ ಅರ್ಥವಾಗಿಲ್ಲ ಎಂದು ತಿಳಿದವರ ಹಾಗೆ ನಕ್ಕು ರುಜು ಹಾಕಿದರು.

ನೋಟು ಬದಲಾಯಿಸಲು ಕೊನೆಯ ವಾರ ಇದ್ದಾಗ ಅಮ್ಮ ಮನೆಯಲ್ಲಿ ತಾನು ಅಡಗಿಸಿಟ್ಟದ್ದನ್ನೆಲ್ಲ ಹೊರಗೆ ತೆಗೆದಳು. ಅಪ್ಪ ತೀರಿಹೋಗಿ ಆರು ವರ್ಷವಾಗಿತ್ತು, ಆದರೂ ಅವಳಿಗೆ ಆ ಅಭ್ಯಾಸ ಹೋಗಿರಲಿಲ್ಲ. ಹೆಸರುಬೇಳೆ ಡಬ್ಬಿಯಿಂದ ಒಂದು ಸುರುಳಿ. ದೇವರ ಪಟದ ಹಿಂದಿನ ರಟ್ಟಿನಿಂದ ಒಂದಿಷ್ಟು. ಹಳೆಯ ದಿಂಬಿನ ಹೊಲಿಗೆ ಬಿಚ್ಚಿ ಒಂದಿಷ್ಟು. ಕೆಟ್ಟುಹೋದ ಮಿಕ್ಸಿಯ ಹೊಟ್ಟೆಯಿಂದಲೂ ಎರಡು ನೋಟು ಬಂದವು. ಚಾಪೆಯ ಮೇಲೆ ಹರಡಿದ್ದನ್ನು ನೋಡಿ ನನಗೆ ನಗು ತಡೆಯಲಿಲ್ಲ.

"ಇದೇನಮ್ಮ ಇಷ್ಟೊಂದು ಕಳ್ಳತನ?"

"ಕಳ್ಳತನ ಅಲ್ಲಪ್ಪ. ನಿಮ್ಮಪ್ಪನ ಕಣ್ಣಿಗೆ ಬೀಳದೆ ಉಳಿದದ್ದು. ನಿನ್ನ ಡಿಪ್ಲೊಮಾ ಫೀಜು ಎಲ್ಲಿಂದ ಬಂತು ಅನ್ಕೊಂಡಿದ್ದೀಯ? ಸಿಂಚನಂಗೆ ಓಲೆ ಮಾಡಿಸಿದ್ದು ಎಲ್ಲಿಂದ?"

ಸಿಂಚನ ನನ್ನ ಅಕ್ಕ. ಅರಸೀಕೆರೆಗೆ ಕೊಟ್ಟಿತ್ತು. ಅವಳು ತವರಿಗೆ ಬಂದು ಹೊರಡುವಾಗ ಅಮ್ಮ ಮಡಿಲು ತುಂಬುತ್ತಿದ್ದಳು. ಅಕ್ಕಿ, ಕೊಬ್ಬರಿ, ರವಿಕೆ ಕಣ, ವೀಳ್ಯದೆಲೆ. ಆ ಎಲೆಗಳ ಅಡಿಯಲ್ಲಿ ಎಂಟಾಗಿ ಮಡಿಸಿದ ಒಂದು ನೋಟು. ಎಷ್ಟು ಎಂದು ಅಕ್ಕ ಅಲ್ಲಿ ಬಿಚ್ಚಿ ನೋಡುತ್ತಿರಲಿಲ್ಲ, ಅಮ್ಮ ಹೇಳುತ್ತಲೂ ಇರಲಿಲ್ಲ. ಬಸ್ಸು ಹತ್ತಿದ ಮೇಲೆ ಅದು ಅಕ್ಕನದು. ಅವಳು ಅದರಲ್ಲಿ ಏನು ಮಾಡಿದಳು ಎಂದು ಯಾರೂ ಕೇಳಿದ್ದಿಲ್ಲ.

"ಒಂದು ಸಾವಿರ ರೂಪಾಯಿ ಮಾತ್ರ, ಯಾರಿಗೂ ಹೇಳದ ಹಾಗೆ ಅವಳಿಗೆ ಕೊಡಕ್ಕೆ ನಿನ್ನ ಯಂತ್ರದಲ್ಲಿ ದಾರಿ ಇಲ್ವಾ?" ಎಂದು ಅಮ್ಮ ಕೇಳಿದಳು.

ಇಲ್ಲ ಎಂದೆ. ಕಾನೂನು ಎಂದೆ. ನೋಟು ಮರೆಗುಳಿ. ಯಾರ ಕೈಯಲ್ಲಿ ಇದ್ದೆ ಎಂದು ಕೇಳಿದರೆ ಅದಕ್ಕೆ ತಿಳಿಯದು. ಆ ಮರೆವಿನ ಆಸರೆಯಲ್ಲಿ ಎಷ್ಟು ಹೆಂಗಸರು ಸಂಸಾರ ತೂಗಿಸಿದ್ದರು ಎಂಬುದು, ಚಾಪೆಯ ತುಂಬ ಸಾಕ್ಷಿ ಹರಡಿಕೊಂಡು ಕೂತಿದ್ದರೂ, ನನ್ನ ತಲೆಗೆ ಹೋಗಲಿಲ್ಲ. ಅಮ್ಮನಿಗೆ ಒಳ್ಳೆಯದು ಮಾಡಿದ್ದೇನೆ ಎಂಬ ಗುಂಗಿನಲ್ಲೇ ಇದ್ದೆ.

ಆ ವರ್ಷದ ಗೌರಿ ಹಬ್ಬಕ್ಕೆ ಅಕ್ಕ ಬಂದಳು. ಬಾಗಿನ ಕೊಟ್ಟು ಮಡಿಲು ತುಂಬಿದ ಮೇಲೆ ಅಮ್ಮ ಫೋನಿನಲ್ಲಿ ಐದು ಸಾವಿರ ಕಳಿಸಿದಳು. ವೀಳ್ಯದೆಲೆಯ ಅಡಿಯಲ್ಲಿ ಇಡಲು ಏನೂ ಇಲ್ಲವಲ್ಲ ಎಂದು ಅಲ್ಲೊಂದು ಬಾಳೆಹಣ್ಣು ಇಟ್ಟಳು. ಅಕ್ಕ ಕಾಫಿ ಕುಡಿದು ಲೋಟ ಇಡುವುದರೊಳಗೆ ಭಾವನ ಫೋನು ಬಂತು.

"ಐದು ಸಾವಿರ ಬಂದಿದ್ಯಂತಲ್ಲ, ಅಪ್ಪ ಓದಿದ್ರು. ಒಳ್ಳೇದೇ ಆಯ್ತು. ಅಂಗಡಿಗೆ ಎರಡು ಟೈರು ತರಿಸಬೇಕಿತ್ತು. ಹಂಗೇ ನನ್ನ ಖಾತೆಗೆ ಹಾಕ್ಬಿಡು."

ಭಾವ ಯೋಗಾನಂದ ಕೆಟ್ಟವರಲ್ಲ. ಕುಡಿಯುವವರಲ್ಲ, ಹೊಡೆಯುವವರಲ್ಲ. ಟೈರ್ ಅಂಗಡಿಯ ಚಿಂತೆಯಲ್ಲಿ ಮುಳುಗಿದ ಮನುಷ್ಯ, ಅಷ್ಟೇ. ಅವರಪ್ಪ ರುದ್ರಯ್ಯನವರು ರೈಲ್ವೆಯಲ್ಲಿ ಇದ್ದು ನಿವೃತ್ತರಾದವರು. ಮನೆಪರದೆ ಬಂದ ಮೇಲೆ ಅವರು ಪೇಪರ್ ಓದುವುದು ಬಿಟ್ಟರು. ಬೆಳಗಿನಿಂದ ಸಂಜೆಯವರೆಗೆ ಕನ್ನಡಕ ಹಾಕಿಕೊಂಡು ಪರದೆಯ ಎದುರು ಕೂತು, ಮೂಡಿದ ಒಂದೊಂದು ಸಾಲನ್ನೂ ರೈಲು ಬಂದಿತೆಂದು ಕೂಗುವ ಧ್ವನಿಯಲ್ಲಿ ಓದುತ್ತಿದ್ದರು. ಅದನ್ನು ಅಕ್ಕ ಅಣಕಿಸಿ ತೋರಿಸುತ್ತಿದ್ದರೆ ನಾನೂ ಅಮ್ಮನೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು.

"ಮೊನ್ನೆ ಪ್ಯಾಡ್ ತಗೊಂಡೆ ಕಣಮ್ಮ. ನಾನು ಮನೆಗೆ ಬರೋ ಹೊತ್ತಿಗೆ ಅವರ ಸ್ನೇಹಿತರು ನಾಲ್ಕು ಜನ ಕೂತಿದ್ರು. ಅವರೆದುರಿಗೇ ಓದಿಬಿಟ್ಟಿದ್ದಾರೆ. ನಾನು ಒಳಗೆ ಹೋಗೋದು ಹೇಗೆ?" ಎಂದು ಅಕ್ಕ ಹೇಳಿದಾಗ ಅಮ್ಮ ನಗು ನಿಲ್ಲಿಸಿದಳು. ನಾನು ಎದ್ದು ಹಿತ್ತಿಲ ಕಡೆ ಹೋದೆ. ಹೆಂಗಸರ ಮಾತು, ನನಗೇಕೆ ಎಂದುಕೊಂಡೆ. ಕಾನೂನಿನ ಪ್ರಕಾರ ಗಂಡ ಹೆಂಡತಿ ಇಬ್ಬರಿಗೂ ಪರದೆ ಒಂದೇ. ಆದರೆ ಭಾವ ನೋಡಿದರೆ ಪ್ರಶ್ನೆ ಕೇಳುತ್ತಿದ್ದರು. ಅಕ್ಕ ನೋಡಿದರೆ ನೋಡುತ್ತಿದ್ದಳು, ಅಷ್ಟೇ. ಈ ವ್ಯತ್ಯಾಸ ನಮ್ಮ ನಕ್ಷೆಯಲ್ಲಿ ಎಲ್ಲೂ ಇರಲಿಲ್ಲ.

ಅದಾಗಿ ಎಂಟು ತಿಂಗಳಿಗೆ, ಮೇ ತಿಂಗಳ ಒಂದು ಮಧ್ಯಾಹ್ನ, ನಾನು ಕೇಂದ್ರದ ನಿಯಂತ್ರಣ ಕೊಠಡಿಯಲ್ಲಿದ್ದೆ. ಅವತ್ತು ಹೊರದೇಶದಿಂದ ಒಂದು ನಿಯೋಗ ಬಂದಿತ್ತು. ಅವರ ದೇಶದಲ್ಲೂ ಮನೆಪರದೆ ತರಬೇಕಂತೆ. ದೊಡ್ಡ ಗೋಡೆಯ ತುಂಬ ಎಳೆಗಳು ಹರಿಯುತ್ತಿದ್ದವು, ನಾನು ವಿವರಿಸುತ್ತಿದ್ದೆ, ಅವರು ತಲೆದೂಗುತ್ತಿದ್ದರು. ಆ ಸಂಭ್ರಮದ ನಡುವೆ ಅಕ್ಕನ ಫೋನು ಬಂತು. ಒಂದು ನಿಮಿಷ ಎಂದು ಅವರಿಗೆ ಹೇಳಿ ಪಕ್ಕಕ್ಕೆ ಸರಿದೆ.

"ಸುಮಂತ, ಒಂದು ಮಾತು ಕೇಳ್ಲಾ? ಬೈಬಾರದು."

"ಹೇಳಕ್ಕ, ಬೇಗ. ಜನ ಬಂದಿದ್ದಾರೆ."

"ಒಂದೇ ಒಂದು ಸಲ, ಒಂದೇ ಒಂದು ಖರ್ಚು, ಗೋಡೆ ಮೇಲೆ ಬರದ ಹಾಗೆ ಮಾಡಕ್ಕಾಗುತ್ತೇನೋ?"

ನಾನು ನಕ್ಕೆ. "ಯಾಕಕ್ಕ, ಭಾವಂಗೆ ಗೊತ್ತಿಲ್ಲದ ಹಾಗೆ ಸೀರೆ ತಗೋತಿದ್ದೀಯ?"

"ಹೂಂ, ಹಂಗೇ ಅನ್ಕೋ."

"ಪ್ರಧಾನಮಂತ್ರಿಗೂ ಆಗಲ್ಲಕ್ಕ. ಅದಕ್ಕೇ ಇದನ್ನ ಮಾಡಿರೋದು. ಮುಚ್ಚಿಡೋದು ಇರೋರಿಗೆ ಮಾತ್ರ ಇದರಿಂದ ತೊಂದರೆ. ನಿನಗ್ಯಾಕೆ ಭಯ?"

ಆ ಕಡೆ, ಅವಳ ಹಿಂದೆ ಯಾರೋ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದರು.

"ಸರಿ ಬಿಡು. ಊಟ ಆಯ್ತಾ?" ಎಂದಳು.

"ಆಯ್ತು. ಅಮ್ಮ ಕಡಲೆಕಾಳು ಸಾರು ಮಾಡಿದ್ಲು. ಆಮೇಲೆ ಮಾಡ್ತೀನಿ" ಎಂದು ಇಟ್ಟೆ. ಆಮೇಲೆ ಮಾಡಲಿಲ್ಲ. ನಿಯೋಗದವರನ್ನು ಸಂಜೆ ಊಟಕ್ಕೆ ಕರೆದುಕೊಂಡು ಹೋಗಬೇಕಿತ್ತು. ಮರುದಿನ ಮರೆತೆ.

ಒಂದೂವರೆ ವರ್ಷದ ಮೇಲೆ ಅಕ್ಕನಿಗೆ ಬೆನ್ನುನೋವು ಶುರುವಾಯಿತು. ಬೆನ್ನುನೋವು ಎಂದರೆ ಗೋಡೆಯ ಮೇಲೆ ಓದಿಸಿಕೊಳ್ಳಬಹುದಾದ ಕಾಯಿಲೆ. ರುದ್ರಯ್ಯನವರೇ ಓದಿ, ಪಾಪ, ಒಳ್ಳೆ ಡಾಕ್ಟರಿಗೆ ತೋರಿಸು ಎಂದರಂತೆ. ಭಾವ ಹಾಸನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಪರೀಕ್ಷೆ ಮಾಡಿದ ಡಾಕ್ಟರಮ್ಮ ಭಾವನನ್ನು ಹೊರಗೆ ಕರೆದು, ಇದು ಬೆನ್ನಿನದಲ್ಲ, ಎದೆಯಲ್ಲಿ ಶುರುವಾಗಿ ಮೂಳೆಗೆ ಇಳಿದಿದೆ, ಇಷ್ಟು ದಿನ ಏನು ಮಾಡುತ್ತಿದ್ದಿರಿ ಎಂದು ಕೇಳಿದರು. ಎರಡು ವರ್ಷದ ಹಿಂದೆ ಬಂದಿದ್ದರೆ ಉಳಿಸಿಕೊಳ್ಳಬಹುದಿತ್ತು ಎಂದೂ ಹೇಳಿದರು. ಭಾವ ಟೈರ್ ಅಂಗಡಿಯನ್ನು ಮಾರಿ ಚಿಕಿತ್ಸೆ ಮಾಡಿಸಿದರು. ಐದು ತಿಂಗಳು. ಹೋದಾಗ ಅಕ್ಕನಿಗೆ ಮೂವತ್ತೆಂಟು ತುಂಬಿರಲಿಲ್ಲ.

"ನನಗೆ ಒಂದು ಮಾತು ಹೇಳ್ಬಾರದಿತ್ತಾ ಸುಮಂತ? ನಾನೇನು ಬೇಡ ಅಂತಿದ್ನಾ?" ಎಂದು ಭಾವ ನನ್ನ ಕೈ ಹಿಡಿದುಕೊಂಡು ಅತ್ತರು. ಅವರು ನಿಜಕ್ಕೂ ಬೇಡ ಎನ್ನುತ್ತಿರಲಿಲ್ಲ. ರುದ್ರಯ್ಯನವರು ಅವತ್ತು ಪರದೆಗೆ ಬೆನ್ನು ಹಾಕಿ ಕೂತಿದ್ದರು.

ಯಾರಾದರೂ ತೀರಿಕೊಂಡರೆ ಅವರ ಖಾತೆಯ ಎಳೆಗಳನ್ನು ಕಟ್ಟಿ ಮುಚ್ಚುವ ಕೆಲಸ ನಮ್ಮ ಕೇಂದ್ರದ್ದು. ಹದಿನೇಳನೇ ದಿನಕ್ಕೆ ಅಕ್ಕನ ಖಾತೆ ಬಂತು. ನಾನು ರಜೆ ಮುಗಿಸಿ ಹೋಗಿದ್ದೆ. ನಫೀಸಾ ಮೇಡಂ ಅದನ್ನು ಬೇರೆಯವರಿಗೆ ಕೊಡುತ್ತಿದ್ದುದನ್ನು ನೋಡಿ, ನಾನೇ ಮುಚ್ಚುತ್ತೇನೆ ಎಂದೆ.

"ಬೇಡ ಸುಮಂತ್. ತೆರೆದು ನೋಡ್ಬೇಡಿ. ಹಾಗೇ ಮುಚ್ಚಬಹುದು."

ನಾನು ಕೇಳಲಿಲ್ಲ.

ಕೊನೆ ಗಳಿಗೆಯಲ್ಲಿ ಬೇಡವೆಂದು ಬಿಟ್ಟ ಖರ್ಚುಗಳು ಮನೆಪರದೆಯಲ್ಲಿ ಕಾಣುವುದಿಲ್ಲ. ಆದರೆ ನಮ್ಮಲ್ಲಿ ಅವುಗಳಿಗೂ ಮುದ್ರೆ ಇರುತ್ತದೆ. ಅದನ್ನು ಸೇರಿಸಬೇಕು ಎಂದು ಹಟ ಹಿಡಿದವನೂ ನಾನೇ. ಅಕ್ಕನ ಎಳೆಯಲ್ಲಿ ಅಂಥವು ನಾಲ್ಕಿದ್ದವು. ನಾಲ್ಕೂ ಹಾಸನದ ಒಂದು ಆಸ್ಪತ್ರೆಯ ಕೌಂಟರಿನಲ್ಲಿ. ಮೊತ್ತ ಆರುನೂರು. ಕಾರಣ, ಸ್ತನ ತಪಾಸಣೆ. ಹಣಕ್ಕೇನೂ ಕೊರತೆ ಇರಲಿಲ್ಲ, ಖಾತೆಯಲ್ಲಿ ಏಳು ಸಾವಿರದಷ್ಟು ಇತ್ತು. ಪ್ರತಿ ಸಲವೂ ಹೆಬ್ಬೆಟ್ಟು ಒತ್ತುವ ಮುಂಚೆ ಒಂದು ವಾಕ್ಯ ಬರುತ್ತದೆ: ಈ ಖರ್ಚು ನಿಮ್ಮ ಮನೆಪರದೆಯಲ್ಲಿ ಕಾಣಿಸುತ್ತದೆ, ಒಪ್ಪಿಗೆಯೇ? ಜನರಿಗೆ ಮರ್ಯಾದೆಯಿಂದ ತಿಳಿಸಬೇಕು ಎಂದು ಆ ವಾಕ್ಯವನ್ನು ಬರೆದವನು ನಾನು. ಮೂರು ದಿನ ಕೂತು ತಿದ್ದಿ ತಿದ್ದಿ ಬರೆದಿದ್ದೆ. ಅಕ್ಕ ಅದನ್ನು ನಾಲ್ಕು ಸಲ ಓದಿ, ನಾಲ್ಕು ಸಲವೂ ಬೇಡ ಎಂದು ಒತ್ತಿದ್ದಳು.

ಆ ನಾಲ್ಕು ದಿನವೂ ಹಾಸನದ ಬಳೆ ಅಂಗಡಿಯೊಂದರಲ್ಲಿ ಚಿಕ್ಕ ಚಿಕ್ಕ ಖರ್ಚು ಇತ್ತು. ನಲವತ್ತು, ಅರವತ್ತು ರೂಪಾಯಿ. ಹಾಸನಕ್ಕೆ ಹೋದದ್ದೇಕೆ ಎಂದು ಮನೆಯಲ್ಲಿ ಕೇಳಿದರೆ ಹೇಳಲು ಒಂದು ಕಾರಣ ಬೇಕಲ್ಲ, ಅದಕ್ಕೆ. ಅವಳ ಕೈ ತುಂಬ ಹೊಸ ಬಳೆ ನೋಡಿ ಅಮ್ಮ ಒಮ್ಮೆ ರೇಗಿಸಿದ್ದೂ ನೆನಪಾಯಿತು.

ಎರಡನೆಯ ಮುದ್ರೆಯ ತಾರೀಖನ್ನು ಮತ್ತೊಮ್ಮೆ ಓದಿದೆ. ನಿಯೋಗ ಬಂದಿದ್ದ ದಿನ ಅದು. ಕೌಂಟರಿನಲ್ಲಿ ಖರ್ಚು ಶುರುವಾದದ್ದು ಒಂದು ಗಂಟೆ ಹತ್ತು ನಿಮಿಷಕ್ಕೆ, ಬೇಡವೆಂದು ಒತ್ತಿದ್ದು ಒಂದೂಕಾಲಿಗೆ. ನಡುವಿನ ಐದು ನಿಮಿಷದಲ್ಲಿ ಅವಳು ನನಗೆ ಫೋನು ಮಾಡಿದ್ದಳು. ಕೌಂಟರಿನ ಮುಂದೆ ನಿಂತು, ಹಿಂದಿನ ಸಾಲಿನವರನ್ನು ಕಾಯಿಸಿಕೊಂಡು, ತಮ್ಮನನ್ನು ಕೇಳಿದ್ದಳು. ತಮ್ಮ ಸೀರೆಯ ವಿಷಯ ತಮಾಷೆ ಮಾಡಿದ್ದ.

ಖಾತೆ ಮುಚ್ಚಿದೆ. ನಫೀಸಾ ಮೇಡಂ ನನ್ನ ಮೇಜಿನ ಬಳಿ ಬಂದು ನಿಂತರು. ಚಹಾ ತರಿಸಿಕೊಟ್ಟರು. ಮನೆಪರದೆಯಲ್ಲಿ ಆಸ್ಪತ್ರೆಯ ಖರ್ಚನ್ನು ಕಾಣಿಸದ ಹಾಗೆ ಮಾಡಬೇಕೆಂದು ನಾವಿಬ್ಬರೂ ಸೇರಿ ಒಂದು ಮನವಿ ಬರೆದೆವು. ಸಮಿತಿಯ ಮುಂದೆ ಅದು ಇನ್ನೂ ಇದೆ. ಒಂದು ವಿನಾಯಿತಿ ಕೊಟ್ಟರೆ ಎಲ್ಲರೂ ಕೇಳುತ್ತಾರೆ ಎಂದು ಅಲ್ಲಿಯವರು ಹೇಳುತ್ತಾರೆ. ಹಿಂದೆ ಆ ಸಮಿತಿಗೆ ಈ ವಾದವನ್ನು ಹೇಳಿಕೊಟ್ಟವನೂ ನಾನೇ, ಹಾಗಾಗಿ ಉತ್ತರ ಕೊಡಲು ಕಷ್ಟವಾಗುತ್ತದೆ.

ಖಾತೆ ಮುಚ್ಚಿದ ದಿನ ಮಧ್ಯಾಹ್ನವೇ ಮನೆಗೆ ಬಂದೆ. ಅಮ್ಮ ಅಡುಗೆಮನೆಯಲ್ಲಿ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಹದಿನೇಳು ದಿನದಲ್ಲಿ ಅವಳು ಅಳುವುದನ್ನು ನಿಲ್ಲಿಸಿ ಕೆಲಸ ಹಿಡಿದಿದ್ದಳು. ಬೇಡದ ಕೆಲಸವನ್ನೂ ಹುಡುಕಿ ಮಾಡುತ್ತಿದ್ದಳು.

"ಇವತ್ತು ಅವಳ ಖಾತೆ ಬಂತಮ್ಮ" ಎಂದೆ.

"ನೋಡಿದ್ಯಾ?"

"ನೋಡಿದೆ."

"ಆಸ್ಪತ್ರೆಗೆ ಹೋಗಿದ್ಲಾ? ನಿನ್ನ ಯಂತ್ರಕ್ಕೆ ಗೊತ್ತಿರುತ್ತಲ್ಲ."

"ನಾಲ್ಕು ಸಲ ಹೋಗಿದ್ಲು. ಕೌಂಟರ್‌ವರೆಗೆ ಹೋಗಿ ವಾಪಸು ಬಂದಿದ್ದಾಳೆ."

ಅಮ್ಮ ಕೈಯಲ್ಲಿದ್ದ ಹಣ್ಣನ್ನು ಮೊರಕ್ಕೆ ಹಾಕಿದಳು. ಬೆರಳಿಗೆ ಅಂಟಿದ್ದನ್ನು ಸೆರಗಿಗೆ ಒರೆಸಿಕೊಂಡಳು.

"ನನಗೆ ಗೊತ್ತಿತ್ತು ಕಣೋ. ಎದೇಲಿ ಏನೋ ಸಿಕ್ಕಂಗಾಗುತ್ತೆ ಕಣಮ್ಮ ಅಂತ ನನಗೆ ಹೇಳಿದ್ಲು. ತೋರಿಸ್ಕೊಳ್ಳೇ ಅಂದೆ. ಗೋಡೆ ಮೇಲೆ ಬರುತ್ತಲ್ಲ, ಮಾವ ಜನದ ಮುಂದೆ ಓದ್ತಾರಲ್ಲ ಅಂದ್ಲು. ನಾನೇ ನಿನಗೆ ಹೇಳೋಣ ಅಂದ್ಕೊಂಡೆ. ಗಂಡುಮಗನ ಹತ್ರ ಆ ಮಾತು ಹೆಂಗೆ ಎತ್ತೋದು ಅಂತ ಬಾಯಿ ಬರಲಿಲ್ಲ. ಅದಕ್ಕೆ ಅವಳಿಗೇ ಹೇಳಿದೆ, ಅದನ್ನ ಮಾಡಿರೋನೇ ನಿನ್ನ ತಮ್ಮ, ಅವನನ್ನ ಕೇಳು, ಏನಾದರೂ ಮಾಡಿಕೊಡ್ತಾನೆ ಅಂತ." ಮೊರದಲ್ಲಿದ್ದ ಬೀಜಗಳನ್ನು ಒಂದು ಕಡೆ ಸರಿಸಿದಳು. "ನಾಚಿಕೆ ಅವಳಿಗೆ. ಕೇಳಲೇ ಇಲ್ಲ ಅಂತ ಕಾಣುತ್ತೆ. ಕೇಳಿದ್ಲೇನೋ ನಿನ್ನ?"

ಇಲ್ಲ ಎಂದು ಹೇಳಿಬಿಡಬಹುದಿತ್ತು. ಆ ಫೋನಿನಲ್ಲಿ ಒಂದು ಪೈಸೆಯೂ ಕೈ ಬದಲಾಗಿರಲಿಲ್ಲ. ನಾನು ಆಡಿದ ಮಾತು ಯಾವ ಎಳೆಯಲ್ಲೂ ಇಲ್ಲ, ಯಾವ ಗೋಡೆಯ ಮೇಲೂ ಮೂಡುವುದಿಲ್ಲ. ಅಕ್ಕ ಇಲ್ಲ. ಅದು ಗೊತ್ತಿರುವವನು ನಾನೊಬ್ಬನೇ. ಕೇಳಲಿಲ್ಲ ಎಂದರೆ ಅಮ್ಮ ಮಗಳ ನಾಚಿಕೆಯನ್ನು ಬೈದುಕೊಂಡು, ತನ್ನನ್ನು ಬೈದುಕೊಂಡು, ಉಳಿದ ದಿನ ಕಳೆಯುತ್ತಾಳೆ. ನನಗೆ ಎಂದಿನಂತೆ ಊಟ ಬಡಿಸುತ್ತಾಳೆ.

"ಕೇಳಿದ್ಲಮ್ಮ" ಎಂದೆ.

ಅಮ್ಮ ತಲೆಯೆತ್ತಿದಳು. "ನೀನೇನಂದೆ?"

ನಾನು ಅವಳ ಪಕ್ಕ ನೆಲದ ಮೇಲೆ ಕೂತೆ. ಸೀರೆಯ ತಮಾಷೆಯಿಂದ ಹಿಡಿದು ಕಡಲೆಕಾಳು ಸಾರಿನವರೆಗೆ, ಅವತ್ತು ನಾನು ಅಂದದ್ದನ್ನೆಲ್ಲ ಒಂದೂ ಬಿಡದೆ ಹೇಳಿದೆ.